ಒರೆಗಲ್ಲಿನ ಮೇಲೆ ಧ್ಯಾನಗುರು: ಪತ್ತೇದಾರಿ ಧಾರಾವಾಹಿಯ ಅಭಿಮಾನಿಗಳು ತೋರಿಸಿಕೊಡುವ ಒಂದು ದಾರಿ

1990ರ ಏಪ್ರಿಲ್‌ನಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ‘ಟ್ವಿನ್ ಪೀಕ್ಸ್’ ಎಂಬ ಧಾರಾವಾಹಿ ಆರಂಭವಾಯಿತು. ಅದರ ಮೊದಮೊದಲ ಕಂತೊಂದರಲ್ಲಿ ಎಫ್‌ಬಿಐ ಅಧಿಕಾರಿ ಡೇಲ್ ಕೂಪರ್ ಊರಿನ ಪೊಲೀಸರನ್ನು ಕಾಡಿನ ಬಯಲಿಗೆ ಕರೆದೊಯ್ದು, ಟಿಬೆಟ್ಟಿನ ಬಗ್ಗೆ ಪುಟ್ಟ ಉಪನ್ಯಾಸ ಮಾಡಿ, ದೂರದಲ್ಲಿ ಒಂದು ಗಾಜಿನ ಬಾಟಲಿ ಇರಿಸುತ್ತಾನೆ. ಕೊಲೆಯಾದ ಹುಡುಗಿಗೆ ಪರಿಚಯವಿದ್ದವರ ಹೆಸರುಗಳನ್ನು ಒಬ್ಬರು ಒಂದೊಂದಾಗಿ ಓದುತ್ತಾರೆ, ಪ್ರತಿ ಹೆಸರಿಗೂ ಕೂಪರ್ ಒಂದು ಕಲ್ಲು ಎಸೆಯುತ್ತಾನೆ. ಟಿಬೆಟ್ಟಿನ ಜನರ ಸಂಕಟದ ಕುರಿತ ಕನಸೊಂದನ್ನು ಕಂಡು ಎದ್ದಾಗ ಈ ವಿಧಾನ ತನಗೆ ಹೊಳೆಯಿತೆಂಬುದು ಅವನ ವಿವರಣೆ. ಕೊನೆಗೆ ಒಂದು ಹೆಸರಿಗೆ ಬಾಟಲಿ ಒಡೆಯುತ್ತದೆ. ಆದರೆ ಆ ಹೆಸರಿನವನು ಕೊಲೆಗಾರನಲ್ಲ. ಕೊಲೆ ನಡೆದ ರಾತ್ರಿಯ ಘಟನೆಗಳಲ್ಲಿ ಪಾಲಿದ್ದವನು ಮಾತ್ರ. ಅಂತಃಪ್ರಜ್ಞೆ ಯಾರ ಕಡೆ ನೋಡಬೇಕೆಂಬುದನ್ನು ಹೇಳಿತು, ಅವನು ಏನು ಮಾಡಿದ ಎಂಬುದನ್ನು ತಿಳಿಯಲು ಸಾಕ್ಷ್ಯವೇ ಬೇಕಾಯಿತು.

ಈ ದೃಶ್ಯವನ್ನು ನಿರ್ದೇಶಿಸಿದ ಡೇವಿಡ್ ಲಿಂಚ್ 1973ರಿಂದಲೂ ಮಹರ್ಷಿ ಮಹೇಶ್ ಯೋಗಿಯವರ, ಮಂತ್ರವೊಂದನ್ನು ಮನಸ್ಸಿನಲ್ಲಿಯೇ ಜಪಿಸುವ ಭಾವಾತೀತ ಧ್ಯಾನವನ್ನು ಅಭ್ಯಾಸ ಮಾಡುತ್ತಿದ್ದವರು. ಅದನ್ನು ಶಾಲೆಗಳಿಗೆ ಮುಟ್ಟಿಸಲು 2005ರಲ್ಲಿ ತಮ್ಮ ಹೆಸರಿನಲ್ಲಿ ಪ್ರತಿಷ್ಠಾನವನ್ನು ಸ್ಥಾಪಿಸಿ, 2025ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅದರ ಪ್ರಚಾರಕರಾಗಿಯೇ ಉಳಿದರು. ಹೀಗೆ ಸಾಮಾನ್ಯವಾಗಿ ಒಟ್ಟಿಗೆ ಯೋಚಿಸದ ಎರಡು ಲೋಕಗಳು ಒಬ್ಬನೇ ಕಲಾವಿದನ ಬದುಕಿನಲ್ಲಿ ಸೇರಿದ್ದವು: ಧ್ಯಾನ ಕಲಿಸುವವರ ಹೆಸರು ಮತ್ತು ಆಧುನಿಕ ಪತ್ತೇದಾರಿ ಧಾರಾವಾಹಿ. ಎರಡರಲ್ಲೂ ಒಬ್ಬರು ಇನ್ನೊಬ್ಬರ ಮೇಲೆ ದೀರ್ಘಕಾಲ ನಂಬಿಕೆ ಇರಿಸಬೇಕಾಗುತ್ತದೆ. ‘ಈಗ ಅರ್ಥವಾಗದಿದ್ದರೂ ಮುಂದುವರಿಯಿರಿ, ಕೊನೆಗೆ ತಿಳಿಯುತ್ತದೆ’ ಎಂದು ಕತೆಗಾರನೂ ಹೇಳುತ್ತಾನೆ, ಗುರುವೂ ಹೇಳುತ್ತಾನೆ. ಕತೆಗಾರನ ಮಾತನ್ನು ಅಭಿಮಾನಿಗಳು ಪರೀಕ್ಷಿಸುವ ರೀತಿಗೂ ಗುರುವಿನ ಮಾತನ್ನು ಶಿಷ್ಯರು ಪರೀಕ್ಷಿಸುವ ರೀತಿಗೂ ಇರುವ ಅಂತರವನ್ನು ಗಮನಿಸಿದರೆ, ಧ್ಯಾನಗುರುವಿನ ಕೀರ್ತಿ ಹೇಗೆ ಕಟ್ಟಿಕೊಳ್ಳುತ್ತದೆ ಮತ್ತು ಅದು ಕುಸಿದಾಗ ಇಷ್ಟೊಂದು ಜನ ಏಕೆ ಗಾಯಗೊಳ್ಳುತ್ತಾರೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

‘ಅವರು ದೊಡ್ಡ ಧ್ಯಾನಗುರು’ ಎಂದು ಯಾರಾದರೂ ಹೇಳಿದಾಗ ಆ ಒಂದು ಮಾತಿನೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಹೇಳಿಕೆಗಳು ಅಡಗಿರುತ್ತವೆ. ಅವರು ಕಲಿಸುವ ವಿಧಾನದಿಂದ ಪ್ರಯೋಜನವಿದೆ ಎಂಬುದು ಒಂದು. ಅದನ್ನು ಅವರು ಚೆನ್ನಾಗಿ ಕಲಿಸಬಲ್ಲರು ಎಂಬುದು ಇನ್ನೊಂದು. ಸ್ವತಃ ಅವರಿಗೆ ಉನ್ನತ ಅನುಭವವೊಂದು ಸಿದ್ಧಿಸಿದೆ ಎಂಬುದು ಮತ್ತೊಂದು. ಅವರು ಹಣ, ದೇಹ ಮತ್ತು ಅಧಿಕಾರದ ವಿಷಯದಲ್ಲಿ ನಂಬಬಹುದಾದ ಮನುಷ್ಯರು ಎಂಬುದು ನಾಲ್ಕನೆಯದು. ಮೊದಲನೆಯದಕ್ಕೆ ವೈದ್ಯಕೀಯ ಪ್ರಯೋಗ ಬೇಕು, ಎರಡನೆಯದಕ್ಕೆ ಶಿಷ್ಯರ ಅಭ್ಯಾಸವನ್ನು ನೋಡಬೇಕು. ಮೂರನೆಯದನ್ನು ಹೊರಗಿನಿಂದ ತಿಳಿಯಲು ದಾರಿಯೇ ಇಲ್ಲ. ನಾಲ್ಕನೆಯದಕ್ಕೆ ಅವರ ವರ್ತನೆಯ ಇತಿಹಾಸ ಬೇಕು, ದೂರು ಬಂದಾಗ ಸಂಸ್ಥೆ ನಡೆದುಕೊಂಡ ಬಗೆಯ ದಾಖಲೆ ಬೇಕು. ಒಂದಕ್ಕೆ ಸಿಕ್ಕ ಸಾಕ್ಷ್ಯವನ್ನು ಉಳಿದ ಮೂರಕ್ಕೂ ಹಂಚಿಬಿಡುವುದರಲ್ಲಿಯೇ ಎಲ್ಲ ತೊಡಕು ಹುಟ್ಟುತ್ತದೆ.

ಮಹರ್ಷಿ ಮಹೇಶ್ ಯೋಗಿಯವರ ಕೀರ್ತಿಯ ಏರಿಳಿತವನ್ನೇ ನೋಡಬಹುದು. ಅವರು ಜ್ಯೋತಿರ್ಮಠದ ಶಂಕರಾಚಾರ್ಯರಾಗಿದ್ದ ಬ್ರಹ್ಮಾನಂದ ಸರಸ್ವತಿಯವರ ಶಿಷ್ಯರು. ಶೃಂಗೇರಿಯಂತೆಯೇ ನಾಲ್ಕು ಆಮ್ನಾಯ ಪೀಠಗಳಲ್ಲಿ ಒಂದೆನಿಸಿದ ಆ ಮಠದ ಹಿನ್ನೆಲೆ ಅವರ ಮಾತಿಗೆ ಪರಂಪರೆಯ ತೂಕವನ್ನು ಕೊಟ್ಟಿತು. 1968ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡ ಋಷಿಕೇಶದ ಆಶ್ರಮಕ್ಕೆ ಬಂದದ್ದು ಅವರನ್ನು ಜಗತ್ಪ್ರಸಿದ್ಧರನ್ನಾಗಿ ಮಾಡಿತು. ಏಪ್ರಿಲ್‌ನಲ್ಲಿ ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್, ಶಿಬಿರದ ಮಹಿಳೆಯೊಬ್ಬರೊಂದಿಗೆ ಗುರುಗಳು ಅನುಚಿತವಾಗಿ ನಡೆದುಕೊಂಡರೆಂಬ ಮಾತು ಹಬ್ಬಿದ ಮೇಲೆ ಹೊರಟುಹೋದದ್ದು ಅದೇ ವೇಗದಲ್ಲಿ ಅವರ ಹೆಸರನ್ನು ಕೆಡಿಸಿತು. ಆ ಆರೋಪ ಸಾಬೀತಾಗಲಿಲ್ಲ. ಹ್ಯಾರಿಸನ್ 1992ರಲ್ಲಿ ಮಹರ್ಷಿಗಳ ಚಳವಳಿಗೆ ಸೇರಿದ ರಾಜಕೀಯ ಪಕ್ಷದ ಸಹಾಯಾರ್ಥ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹಾಡಿದರು. 2009ರಲ್ಲಿ ಪಾಲ್ ಮೆಕಾರ್ಟ್ನಿ ಮತ್ತು ರಿಂಗೊ ಸ್ಟಾರ್ ಲಿಂಚ್ ಅವರ ಪ್ರತಿಷ್ಠಾನಕ್ಕಾಗಿ ನ್ಯೂಯಾರ್ಕ್‌ನಲ್ಲಿ ಒಟ್ಟಿಗೆ ವೇದಿಕೆ ಏರಿದರು. ನಲವತ್ತು ವರ್ಷಗಳ ಈ ಏರಿಳಿತದಲ್ಲಿ ಧ್ಯಾನವಿಧಾನ ಒಂದಿಷ್ಟೂ ಬದಲಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಬದಲಾದದ್ದು ಪ್ರಸಿದ್ಧರು ಯಾರ ಪಕ್ಕ ನಿಂತಿದ್ದಾರೆ ಎಂಬ ಚಿತ್ರ ಮಾತ್ರ, ಮತ್ತು ಕೀರ್ತಿ ಆ ಚಿತ್ರದ ಹಿಂದೆಯೇ ಓಡಿತು.

ವಿಧಾನದ ಬಗ್ಗೆ ನಿಜವಾದ ಪರಿಶೀಲನೆ ನಡೆದದ್ದು ಬೇರೆ ಕಡೆ, ಬೇರೆ ಭಾಷೆಯಲ್ಲಿ. ಅಮೆರಿಕದ ಹೃದಯ ಸಂಘ 2013ರಲ್ಲಿ ಹೊರಡಿಸಿದ ಹೇಳಿಕೆಯು ರಕ್ತದೊತ್ತಡವನ್ನು ತಗ್ಗಿಸಲು ಭಾವಾತೀತ ಧ್ಯಾನವನ್ನು ಪರಿಗಣಿಸಬಹುದು ಎಂದಿತು. ಔಷಧಕ್ಕೆ ಬದಲಾಗಿ ಎಂದು ಅದು ಹೇಳಲಿಲ್ಲ, ದುರ್ಬಲ ದರ್ಜೆಯ ಶಿಫಾರಸನ್ನಷ್ಟೇ ಕೊಟ್ಟಿತು. ಆ ಧ್ಯಾನದ ಕುರಿತ ಹಲವು ಅಧ್ಯಯನಗಳನ್ನು ಅದೇ ಚಳವಳಿಯ ಸಂಸ್ಥೆಗಳಿಗೆ ಸೇರಿದವರು ನಡೆಸಿದ್ದಾರೆಂಬ ಟೀಕೆಯೂ ಹಳೆಯದು. 2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ವಿಮರ್ಶೆ 47 ಪ್ರಯೋಗಗಳನ್ನು ಮತ್ತು ಅವುಗಳಲ್ಲಿ ಭಾಗವಹಿಸಿದ 3,515 ಜನರನ್ನು ಒಟ್ಟಾಗಿ ಪರಿಶೀಲಿಸಿ, ಸಾವಧಾನತೆಯ (ಮೈಂಡ್‌ಫುಲ್‌ನೆಸ್) ಧ್ಯಾನದಿಂದ ಆತಂಕ, ಖಿನ್ನತೆ ಮತ್ತು ನೋವಿನಲ್ಲಿ ಸಾಧಾರಣ ಮಟ್ಟದ ಸುಧಾರಣೆ ಕಾಣುತ್ತದೆ ಎಂದು ಹೇಳಿತು. ಇನ್ನೊಂದು ಮಗ್ಗುಲಿನ ಪರೀಕ್ಷೆ ನ್ಯಾಯಾಲಯದಲ್ಲಿ ನಡೆಯಿತು. ನ್ಯೂಜೆರ್ಸಿಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಹರ್ಷಿಗಳ ಪಾಠಕ್ರಮವನ್ನು ವಿಜ್ಞಾನವೆಂದು ಕಲಿಸುತ್ತಿದ್ದಾಗ, ದೀಕ್ಷೆಯ ವೇಳೆ ನಡೆಯುವ ಗುರುಪೂಜೆಯೂ ಸೇರಿದಂತೆ ಎಲ್ಲವನ್ನೂ ನೋಡಿದ ಫೆಡರಲ್ ನ್ಯಾಯಾಲಯ 1977ರಲ್ಲಿ ಇದು ಧಾರ್ಮಿಕ ಸ್ವರೂಪದ್ದೇ ಎಂದು ತೀರ್ಪಿತ್ತಿತು, 1979ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ರಕ್ತದೊತ್ತಡ ತಗ್ಗುತ್ತದೆಯೇ, ಇದು ಧರ್ಮವೇ, ಗುರು ಸಜ್ಜನರೇ ಎಂಬ ಮೂರು ಪ್ರಶ್ನೆಗಳಿಗೆ ಮೂರು ಕಡೆ ಮೂರು ರೀತಿಯ ಉತ್ತರ ಸಿಗುವುದರಲ್ಲಿ ಅಸಂಗತವಾದದ್ದು ಏನೂ ಇಲ್ಲ. ಅವುಗಳನ್ನು ಹಾಗೆ ಬೇರೆಬೇರೆಯಾಗಿಯೇ ಇಟ್ಟುಕೊಳ್ಳುವ ಶಿಷ್ಯರು ವಿರಳ.

ಪತ್ತೇದಾರಿ ಕತೆಯ ಅಭಿಮಾನಿಗಳಿಗೆ ಈ ಬೇರ್ಪಡಿಸುವ ಅಭ್ಯಾಸ ಮೈಗೂಡಿರುತ್ತದೆ. ಅದಕ್ಕೆ ಆ ಪ್ರಕಾರದ ಒಳಗಿನ ಒಪ್ಪಂದವೇ ಕಾರಣ. ಇಂಗ್ಲೆಂಡಿನ ಪಾದ್ರಿ ಮತ್ತು ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕತೆಗೆ ಹತ್ತು ನಿಯಮಗಳನ್ನು ಬರೆದರು: ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಕೂಡಲೇ ಸಿಗಬೇಕು, ಅಲೌಕಿಕ ಶಕ್ತಿಯಿಂದ ಒಗಟು ಬಿಡಿಸಬಾರದು, ಪತ್ತೇದಾರನೇ ಕೊಲೆಗಾರನಾಗಬಾರದು. ಇಂದಿನ ಧಾರಾವಾಹಿಗಳು ಈ ನಿಯಮಗಳನ್ನು ಎಷ್ಟೋ ಬಾರಿ ಮುರಿದಿವೆ. ಆದರೂ ಅವುಗಳ ಹಿಂದಿನ ನ್ಯಾಯ, ಅಂದರೆ ಉತ್ತರಕ್ಕೆ ಬೇಕಾದದ್ದು ಕಣ್ಣೆದುರಿಗೇ ಇರಬೇಕೆಂಬ ನಿರೀಕ್ಷೆ, ವೀಕ್ಷಕರ ಮನಸ್ಸಿನಲ್ಲಿ ಗಟ್ಟಿಯಾಗಿದೆ. 2007ರ ಡೆನ್ಮಾರ್ಕಿನ ಧಾರಾವಾಹಿಯೊಂದನ್ನು ಆಧರಿಸಿ 2011ರಲ್ಲಿ ಅಮೆರಿಕದ ಎಎಂಸಿ ವಾಹಿನಿ ‘ದಿ ಕಿಲ್ಲಿಂಗ್’ ಅನ್ನು ತಂದಾಗ, ರೋಸಿ ಲಾರ್ಸನ್ ಎಂಬ ಹುಡುಗಿಯನ್ನು ಕೊಂದವರು ಯಾರು ಎಂಬ ಪ್ರಶ್ನೆಯೇ ಅದರ ಪ್ರಚಾರದ ಘೋಷಣೆಯಾಗಿತ್ತು. ಮೊದಲ ಸರಣಿಯ ಕೊನೆಯ ಕಂತು ಉತ್ತರ ಕೊಡದೆ ಮುಗಿದದ್ದಕ್ಕೆ ಅಭಿಮಾನಿಗಳಿಂದ ಬಂದ ಕೋಪವನ್ನು ಆ ವಾಹಿನಿ ಬಹುಕಾಲ ಎದುರಿಸಬೇಕಾಯಿತು. ನಟನೆ ಕೆಟ್ಟದಾಗಿತ್ತೆಂದೋ ಸಿಯಾಟಲ್‌ನ ಮಳೆಯ ಚಿತ್ರಣ ಹಿಡಿಸಲಿಲ್ಲವೆಂದೋ ಅವರು ದೂರಲಿಲ್ಲ. ಅವು ಚೆನ್ನಾಗಿಯೇ ಇವೆ, ಆದರೆ ಕೊಟ್ಟ ಮಾತು ಉಳಿಯಲಿಲ್ಲ ಎಂದರು.

2014ರ ‘ಟ್ರೂ ಡಿಟೆಕ್ಟಿವ್’ ಮೊದಲ ಸರಣಿಯ ವಿಷಯದಲ್ಲಿಯೂ ಹಾಗೆಯೇ ಆಯಿತು. ಲೂಸಿಯಾನದ ಜೌಗು ನೆಲ, ಮ್ಯಾಥ್ಯೂ ಮೆಕಾನಹಿ ಮತ್ತು ವುಡಿ ಹ್ಯಾರೆಲ್ಸನ್ ಅವರ ಅಭಿನಯ, ಎಂಟೂ ಕಂತುಗಳನ್ನು ಒಬ್ಬರೇ ನಿರ್ದೇಶಿಸಿದ್ದರಿಂದ ಬಂದ ಒಂದೇ ಹದ, ಇವನ್ನು ಮೆಚ್ಚಿದವರೇ ಕೊನೆಯ ಕಂತಿನ ಬಗ್ಗೆ ತೀವ್ರವಾಗಿ ವಾದಿಸಿದರು. ಕತೆಯಲ್ಲಿ ಅಲ್ಲಲ್ಲಿ ಬರುವ ‘ಹಳದಿ ರಾಜ’ ಎಂಬ ಹಳೆಯ ಭಯಾನಕ ಕತೆಗಳ ಪಾತ್ರದ ಸೂಚನೆಗಳನ್ನು ಹಿಡಿದು ವಾರಗಟ್ಟಲೆ ಸುಳಿವು ಹೆಣೆದಿದ್ದವರಿಗೆ ಅವೆಲ್ಲ ಎಲ್ಲಿಗೂ ತಲುಪಲಿಲ್ಲ ಎನ್ನಿಸಿತು. ಇದು ಇಬ್ಬರು ಗೆಳೆಯರ ಕತೆಯೇ ಹೊರತು ಒಗಟಲ್ಲ ಎಂದು ಉಳಿದವರು ಹೇಳಿದರು. ಮರುವರ್ಷದ ಎರಡನೆಯ ಸರಣಿ ಅದೇ ಲೇಖಕರದಾದರೂ ಅನೇಕರು ಅದನ್ನು ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸಿದರು. ನನಗೆ ಇದರಲ್ಲಿ ಬಹಳ ಆರೋಗ್ಯಕರವಾದ ಗುಣವೊಂದು ಕಾಣುತ್ತದೆ: ಹಿಂದಿನ ಕೆಲಸಕ್ಕೆ ಸಂದ ಗೌರವ ಮುಂದಿನ ಕೆಲಸಕ್ಕೆ ತಾನಾಗಿ ಹರಿದುಬರಲಿಲ್ಲ.

ಹಾಗೆಂದು ಅಭಿಮಾನಿಗಳು ಶಿಷ್ಯರಿಗಿಂತ ಜಾಣರೆಂದು ತಿಳಿಯಬಾರದು. ಬಿಬಿಸಿಯ ‘ಶರ್ಲಾಕ್’ ಅದಕ್ಕೆ ಉದಾಹರಣೆ. 2012ರ ಜನವರಿಯಲ್ಲಿ ನಾಯಕ ಆಸ್ಪತ್ರೆಯ ಮಾಳಿಗೆಯಿಂದ ಬಿದ್ದು ಸತ್ತಂತೆ ತೋರಿಸಿ ಎರಡನೆಯ ಸರಣಿ ಮುಗಿದಾಗ, ಅವನು ಬದುಕಿದ್ದು ಹೇಗೆಂದು ವೀಕ್ಷಕರು ಎರಡು ವರ್ಷ ಪ್ರತಿ ಚೌಕಟ್ಟನ್ನೂ ಅಳೆದು ಚರ್ಚಿಸಿದರು. 2014ರ ಹೊಸ ವರ್ಷದ ದಿನ ಬಂದ ಕಂತು ಒಂದಲ್ಲ, ಹಲವು ವಿವರಣೆಗಳನ್ನು ತೋರಿಸಿ, ಯಾವುದು ನಿಜವೆಂಬುದನ್ನು ಅನುಮಾನದಲ್ಲಿಯೇ ಬಿಟ್ಟಿತು. 2017ರ ಜನವರಿ 15ರಂದು ನಾಲ್ಕನೆಯ ಸರಣಿಯ ಅಂತ್ಯ ಪ್ರಸಾರವಾದಾಗ ಬಹಳ ಜನ ನಿರಾಶರಾದರು. ಆಗ ಅಭಿಮಾನಿಗಳ ಒಂದು ಗುಂಪು, ಇಷ್ಟು ಕೆಟ್ಟ ಕಂತನ್ನು ಇಷ್ಟು ಬುದ್ಧಿವಂತರು ಬರೆದಿರಲು ಸಾಧ್ಯವಿಲ್ಲ, ಇದು ಬೇಕೆಂದೇ ಮಾಡಿದ ಸೋಗು, ನಿಜವಾದ ಕೊನೆಯ ಕಂತು ಗುಟ್ಟಾಗಿ ಮುಂದಿನ ವಾರ ಬರುತ್ತದೆ ಎಂದು ನಂಬಿತು. ಅದು ಬರಲಿಲ್ಲ. ವರ್ಷಗಟ್ಟಲೆ ತಮ್ಮ ಬುದ್ಧಿಯನ್ನೂ ಭಾವನೆಯನ್ನೂ ತೊಡಗಿಸಿದವರಿಗೆ, ಕತೆಗಾರರು ಎಡವಿದರೆಂದು ಒಪ್ಪುವುದಕ್ಕಿಂತ ಅವರ ಜಾಣತನ ಇನ್ನೂ ಆಳದ್ದೆಂದು ನಂಬುವುದು ಸುಲಭವಾಗಿತ್ತು.

ಈ ಮನೋವ್ಯಾಪಾರಕ್ಕೆ ಮನಃಶಾಸ್ತ್ರದಲ್ಲಿ ಗಟ್ಟಿಯಾದ ವಿವರಣೆಯಿದೆ. 1954ರ ಡಿಸೆಂಬರ್ 21ರಂದು ಜಲಪ್ರಳಯವಾಗುತ್ತದೆಂದು ನಂಬಿದ್ದ ಶಿಕಾಗೊ ಬಳಿಯ ಸಣ್ಣ ಗುಂಪೊಂದನ್ನು ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಒಳಗಿನಿಂದ ಗಮನಿಸಿದ್ದರು. ಪ್ರಳಯವಾಗದಿದ್ದಾಗ ಗುಂಪಿನ ಒಳವಲಯದವರು ನಂಬಿಕೆ ಬಿಡುವ ಬದಲು, ತಮ್ಮ ಭಕ್ತಿಯಿಂದಲೇ ಅದು ತಪ್ಪಿತು ಎಂದು ಪ್ರಚಾರಕ್ಕಿಳಿದರು. ನೌಕರಿ, ಮನೆ, ಮಾನಗಳನ್ನು ಪಣಕ್ಕಿಟ್ಟವನಿಗೆ ‘ನಾನು ತಪ್ಪಿದೆ’ ಎಂಬ ಅರಿವು ಸಹಿಸಲಾಗದ್ದಾದ್ದರಿಂದ, ನಂಬಿಕೆಗೆ ಹೊಂದುವಂತೆ ಮನಸ್ಸು ವಾಸ್ತವವನ್ನೇ ತಿದ್ದುತ್ತದೆ; ಹಾಗೆ ತಿದ್ದಲು ಒತ್ತಾಯಿಸುವ ಒಳತಿಕ್ಕಾಟಕ್ಕೆ ಅರಿವಿನ ಅಸಂಗತಿ ಎಂದು ಹೆಸರು. 1959ರಲ್ಲಿ ಎಲಿಯಟ್ ಆರನ್ಸನ್ ಮತ್ತು ಜಡ್ಸನ್ ಮಿಲ್ಸ್ ಇನ್ನೊಂದು ಪ್ರಯೋಗ ಮಾಡಿದರು. ಚರ್ಚಾಕೂಟವೊಂದಕ್ಕೆ ಸೇರಲು ಕೆಲವು ವಿದ್ಯಾರ್ಥಿನಿಯರು ಮುಜುಗರದ ಕಠಿಣ ಪ್ರವೇಶಪರೀಕ್ಷೆಯನ್ನು ದಾಟಬೇಕಿತ್ತು, ಉಳಿದವರಿಗೆ ಅದು ಸುಲಭವಾಗಿತ್ತು. ಆಮೇಲೆ ಎಲ್ಲರಿಗೂ ಕೇಳಿಸಿದ್ದು ಬೇಕೆಂದೇ ನೀರಸವಾಗಿಸಿದ ಅದೇ ಚರ್ಚೆ. ಕಷ್ಟಪಟ್ಟು ಸೇರಿದವರು ಅದನ್ನು ಹೆಚ್ಚು ಸ್ವಾರಸ್ಯಕರವೆಂದು ಗುರುತಿಸಿದರು.

ಈ ಎರಡನ್ನೂ ಧ್ಯಾನಶಿಬಿರಕ್ಕೆ ತಂದು ನೋಡಿದರೆ ಶಿಷ್ಯರ ಇಕ್ಕಟ್ಟು ಸ್ಪಷ್ಟವಾಗುತ್ತದೆ. ನಸುಕಿನಲ್ಲಿ ಏಳುವುದು, ಹತ್ತು ದಿನ ಮಾತಿಲ್ಲದಿರುವುದು, ಮಂಡಿ ನೋಯುವಂತೆ ಕೂರುವುದು, ಎಷ್ಟೋ ವರ್ಷಗಳ ಸೇವೆ, ಇವೆಲ್ಲವೂ ಪ್ರವೇಶಪರೀಕ್ಷೆಗಳೇ. ಇದರ ಜೊತೆಗೆ, ಧಾರಾವಾಹಿ ನೋಡುವವರಿಗೆ ಇಲ್ಲದ ಒಂದು ಸಂಗತಿ ಶಿಷ್ಯರಿಗಿದೆ: ನಿಜವಾದ ಒಳ ಅನುಭವ. ಮನಸ್ಸು ತಿಳಿಯಾದದ್ದು, ಹಳೆಯ ದುಃಖವೊಂದು ಸಡಿಲಗೊಂಡದ್ದು, ಅಳು ಬಂದು ಹಗುರಾದದ್ದು ಸುಳ್ಳಲ್ಲ. ಆದರೆ ಅದು ಸಾಕ್ಷ್ಯವಾಗುವುದು ವಿಧಾನಕ್ಕೆ ಮತ್ತು ಶಿಷ್ಯರ ಸ್ವಂತ ಶ್ರಮಕ್ಕೆ. ಗುರುವಿನ ಚಾರಿತ್ರ್ಯಕ್ಕೆ ಅದು ಸಾಕ್ಷ್ಯವಲ್ಲ. ಕೃತಜ್ಞತೆಯ ಭಾರದಲ್ಲಿ ಈ ಗೆರೆ ಅಳಿಸಿಹೋಗುತ್ತದೆ, ಗುರುವನ್ನು ಅನುಮಾನಿಸುವುದೆಂದರೆ ತನ್ನ ಅತ್ಯಮೂಲ್ಯ ಗಳಿಗೆಯನ್ನೇ ಅನುಮಾನಿಸಿದಂತೆ ಆಗಿಬಿಡುತ್ತದೆ. ಗುರುವಿನ ದೋಷ ಕಂಡರೆ ಅದು ನೋಡುವವರ ಮನಸ್ಸಿನ ಕೊಳೆ ಎಂಬ ಬೋಧನೆಯೂ ಸೇರಿಕೊಂಡರೆ, ಕಣ್ಣೆದುರಿಗಿದ್ದ ಸುಳಿವು ಸುಳಿವಾಗಿಯೇ ಉಳಿಯುವುದಿಲ್ಲ.

ಟಿಬೆಟಿಯನ್ ಬೌದ್ಧ ಗುರು ಸೊಗ್ಯಾಲ್ ರಿಂಪೋಚೆಯವರ ವಿಷಯದಲ್ಲಿ ನಡೆದದ್ದು ಇದೇ. ರಿಗ್ಪಾ ಎಂಬ ಸಂಸ್ಥೆಯನ್ನು ಕಟ್ಟಿದ ಅವರು ಪಶ್ಚಿಮದಲ್ಲಿ ದಲಾಯಿ ಲಾಮಾ ಅವರ ಬಳಿಕ ಅತಿ ಹೆಚ್ಚು ಪರಿಚಿತರಾದ ಟಿಬೆಟಿಯನ್ ಗುರುಗಳ ಸಾಲಿನಲ್ಲಿದ್ದರು. 1994ರಲ್ಲಿಯೇ ಕ್ಯಾಲಿಫೋರ್ನಿಯದಲ್ಲಿ ಮಹಿಳೆಯೊಬ್ಬರು ಅವರ ಮೇಲೆ ಒಂದು ಕೋಟಿ ಡಾಲರ್ ಪರಿಹಾರ ಕೋರಿ ಮೊಕದ್ದಮೆ ಹೂಡಿದ್ದರು, ಅದು ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಪತ್ತೇದಾರಿ ಧಾರಾವಾಹಿಯಾಗಿದ್ದರೆ ಮೊದಲ ಕಂತಿನ ಈ ಸುಳಿವನ್ನು ಯಾವ ವೀಕ್ಷಕರೂ ಮರೆಯುತ್ತಿರಲಿಲ್ಲ. ಸಂಸ್ಥೆಯಾದರೋ ಬೆಳೆಯುತ್ತಲೇ ಹೋಯಿತು. 2017ರ ಜುಲೈಯಲ್ಲಿ ಎಂಟು ಮಂದಿ ಹಳೆಯ ಶಿಷ್ಯರು ಹೊಡೆತ, ಲೈಂಗಿಕ ಶೋಷಣೆ ಮತ್ತು ಐಷಾರಾಮದ ಬದುಕಿನ ಆರೋಪಗಳನ್ನು ಬರೆದು ಸಹಿ ಹಾಕಿದ ಮೇಲೆ ಅವರು ಹೊಣೆಯಿಂದ ಕೆಳಗಿಳಿದರು. ಸಂಸ್ಥೆಯೇ ನೇಮಿಸಿದ ಲಂಡನ್ನಿನ ವಕೀಲ ಸಂಸ್ಥೆಯ ವರದಿ 2018ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಗಿ, ಶಿಷ್ಯರು ದೈಹಿಕ, ಲೈಂಗಿಕ ಮತ್ತು ಭಾವನಾತ್ಮಕ ಶೋಷಣೆಗೆ ಒಳಗಾದದ್ದನ್ನು ಎತ್ತಿಹಿಡಿಯಿತು. ಸಂಸ್ಥೆಯ ಹಿರಿಯರಲ್ಲಿ ಕೆಲವರಿಗೆ ವಿಷಯ ಗೊತ್ತಿದ್ದೂ ತಡೆಯಲಿಲ್ಲ ಎಂದಿತು. ಸೊಗ್ಯಾಲ್ 2019ರಲ್ಲಿ ತೀರಿಕೊಂಡರು.

ಪರಂಪರೆಯೊಳಗೆ ಪರೀಕ್ಷೆಗೆ ಅವಕಾಶವಿರಲಿಲ್ಲವೇ ಎಂದರೆ, ಧಾರಾಳವಾಗಿ ಇತ್ತು. ಜಾಣರು ಚಿನ್ನವನ್ನು ಕಾಯಿಸಿ, ಕತ್ತರಿಸಿ, ಒರೆಗಲ್ಲಿಗೆ ಉಜ್ಜಿ ನೋಡುವಂತೆ ನನ್ನ ಮಾತನ್ನೂ ಪರೀಕ್ಷಿಸಿ ಸ್ವೀಕರಿಸಿರಿ, ನನ್ನ ಮೇಲಿನ ಗೌರವದಿಂದಲ್ಲ ಎಂದು ಬುದ್ಧನೇ ಭಿಕ್ಷುಗಳಿಗೆ ಹೇಳಿದನೆಂಬ ಸಂಸ್ಕೃತ ಶ್ಲೋಕವನ್ನು ಎಂಟನೆಯ ಶತಮಾನದ ಬೌದ್ಧ ದಾರ್ಶನಿಕ ಶಾಂತರಕ್ಷಿತನ ಗ್ರಂಥ ಉಳಿಸಿಕೊಂಡಿದೆ. ಟಿಬೆಟಿಯನ್ನರಿಗೆ ಅದು ಬಾಯಿಪಾಠ. ಆ ಪರೀಕ್ಷೆಯ ಜೀವಂತ ರೂಪವನ್ನು ನೋಡಬೇಕೆನ್ನುವ ಕನ್ನಡಿಗರು ಬಹಳ ದೂರ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ಬೈಲಕುಪ್ಪೆಯ ಸೆರಾ ವಿಹಾರದ ಅಂಗಳದಲ್ಲಿ ಭಿಕ್ಷುಗಳು ನಿಂತು, ಕೈತಟ್ಟಿ, ಕುಳಿತವರ ವಾದದ ಬಿರುಕನ್ನು ಹುಡುಕುವ ತರ್ಕಾಭ್ಯಾಸ ನಡೆಯುತ್ತದೆ. ಗುರುವನ್ನು ಒಪ್ಪುವ ಮೊದಲು ಹನ್ನೆರಡು ವರ್ಷದವರೆಗೂ ಪರೀಕ್ಷಿಸಬಹುದು ಎಂಬ ಮಾತೂ ಅದೇ ಪರಂಪರೆಯದು. 1993ರಲ್ಲಿ ಧರ್ಮಶಾಲೆಗೆ ಬಂದ ಪಶ್ಚಿಮದ ಬೌದ್ಧ ಬೋಧಕರು ಕೆಲವು ಗುರುಗಳ ದುರ್ನಡತೆಯ ವಿಷಯವನ್ನು ಮುಂದಿಟ್ಟಾಗ, ಸಾಕ್ಷ್ಯವಿದ್ದರೆ ಅದನ್ನು ಬಹಿರಂಗವಾಗಿಯೇ ಹೇಳಬೇಕೆಂಬುದು ದಲಾಯಿ ಲಾಮಾ ಅವರ ನಿಲುವಾಗಿತ್ತು. ಕೊರತೆಯಿದ್ದದ್ದು ತತ್ತ್ವದಲ್ಲಿ ಅಲ್ಲ. ಕಡಲಾಚೆಗೆ ಹೋದ ಗುರುವಿನ ಸುತ್ತ, ಅವನನ್ನು ಸರಿಸಮವಾಗಿ ಪ್ರಶ್ನಿಸಬಲ್ಲ ಹಿರಿಯರೂ ಸಹಪಾಠಿಗಳೂ ಊರಿನವರೂ ಇರಲಿಲ್ಲ. ಅಂಗಳ ಇಲ್ಲಿಯೇ ಉಳಿಯಿತು, ಸಿಂಹಾಸನ ಮಾತ್ರ ಅಲ್ಲಿಗೆ ಹೋಯಿತು.

ಆದ್ದರಿಂದ ಗುರುವಿನ ಹೆಸರನ್ನು ತೂಗುವಾಗ ಮುಖದ ಕಾಂತಿಗಿಂತ ಸುತ್ತಲಿನ ವ್ಯವಸ್ಥೆಯನ್ನು ನೋಡುವುದೇ ಹೆಚ್ಚು ಫಲಕಾರಿ ಎಂಬುದು ನನ್ನ ನಂಬಿಕೆ. ಸ್ಯಾನ್ ಫ್ರಾನ್ಸಿಸ್ಕೊ ಝೆನ್ ಕೇಂದ್ರದಲ್ಲಿ 1971ರಲ್ಲಿ ಶುನ್‌ರ್ಯು ಸುಜುಕಿ ಅವರಿಂದ ಉತ್ತರಾಧಿಕಾರ ಪಡೆದ ರಿಚರ್ಡ್ ಬೇಕರ್, ಪ್ರೇಮಸಂಬಂಧ ಮತ್ತು ಹಣದ ಬಳಕೆಯ ಕುರಿತ ಗಲಭೆಯ ನಂತರ 1983ರಲ್ಲಿ ಹೊರನಡೆಯಬೇಕಾಯಿತು. ಆ ಕೇಂದ್ರ ಮುಂದೆ ಮುಖ್ಯಸ್ಥರಿಗೆ ಅವಧಿಯ ಮಿತಿ ಇಟ್ಟು, ನಡತೆಯ ನಿಯಮಗಳನ್ನೂ ದೂರು ವಿಚಾರಣೆಯ ಕ್ರಮವನ್ನೂ ಬರೆದಿಟ್ಟುಕೊಂಡಿತು. ಬರ್ಮಾದ ಸಯಾಜಿ ಉ ಬಾ ಖಿನ್ ಅವರಿಂದ ಕಲಿತು 1969ರಲ್ಲಿ ಭಾರತಕ್ಕೆ ಬಂದ ಎಸ್. ಎನ್. ಗೋಯೆಂಕಾ ಇನ್ನೊಂದು ದಾರಿ ಹಿಡಿದರು. ಅವರ ವಿಪಶ್ಯನಾ ಶಿಬಿರಗಳಲ್ಲಿ ಶುಲ್ಕವಿಲ್ಲ. ಶಿಬಿರ ಮುಗಿಸಿದವರಿಂದ ಮಾತ್ರ ದಾನ ಸ್ವೀಕರಿಸುತ್ತಾರೆ. ಬೋಧನೆ ಧ್ವನಿಮುದ್ರಿಕೆಯಲ್ಲಿರುತ್ತದೆ, ಸ್ಥಳದಲ್ಲಿರುವ ಸಹಾಯಕ ಆಚಾರ್ಯರು ಅಭ್ಯಾಸದ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಹೀಗಾಗಿ 2013ರಲ್ಲಿ ಅವರು ತೀರಿಕೊಂಡ ಮೇಲೂ ಬೆಂಗಳೂರಿನ ತುಮಕೂರು ರಸ್ತೆಯ ಕಡೆಯ ಧಮ್ಮ ಪಫುಲ್ಲದಂಥ ಕೇಂದ್ರಗಳಲ್ಲಿ ಅದೇ ಪಾಠ ಅದೇ ಕ್ರಮದಲ್ಲಿ ನಡೆಯುತ್ತಿದೆ. ಈ ವ್ಯವಸ್ಥೆಗೂ ತನ್ನ ಮಿತಿಯಿದೆ: ಧ್ವನಿಮುದ್ರಿಕೆಗೆ ಎದುರಿನವರ ಮುಖ ಕಾಣುವುದಿಲ್ಲ. ಪಶ್ಚಿಮದ ಬೌದ್ಧ ಧ್ಯಾನಿಗಳನ್ನು ಮಾತನಾಡಿಸಿ ವಿಲ್ಲಬಿ ಬ್ರಿಟನ್, ಜರೆಡ್ ಲಿಂಡಾಲ್ ಮತ್ತು ಸಹೋದ್ಯೋಗಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನವು ಭಯ, ನಿದ್ರಾಹೀನತೆ, ತನ್ನತನವೇ ಕಳಚಿಹೋದ ಭಾವ ಮುಂತಾದ ಕಷ್ಟಗಳು ಧ್ಯಾನದಲ್ಲಿ ಬರಬಹುದೆಂದು ದಾಖಲಿಸಿದೆ. ತಜ್ಞರ ನೆರವು ಬೇಕಾಗುವ ಹೊತ್ತನ್ನು ಗುರುತಿಸಿ ಒಪ್ಪಿಕೊಳ್ಳುವುದು ಬೋಧಕರ ಯೋಗ್ಯತೆಯ ಭಾಗವೇ ಹೌದು.

ಲಿಂಚ್ ಅವರ ವಿಷಯಕ್ಕೆ ಮರಳಿದರೆ, ವಾಹಿನಿಯ ಒತ್ತಡಕ್ಕೆ 1990ರ ನವೆಂಬರ್‌ನಲ್ಲಿ ಕೊಲೆಗಾರನನ್ನು ತೋರಿಸಬೇಕಾಗಿ ಬಂದದ್ದು ಅವರಿಗೆ ಕೊನೆಯವರೆಗೂ ನೋವು ಕೊಟ್ಟಿತ್ತು; ಆ ರಹಸ್ಯ ಚಿನ್ನದ ಮೊಟ್ಟೆ ಇಡುವ ಹಕ್ಕಿಯಾಗಿತ್ತು ಎಂಬುದು ಅವರ ಮಾತು. 2017ರಲ್ಲಿ ಅವರು ಮತ್ತು ‘ಟ್ವಿನ್ ಪೀಕ್ಸ್’ನ ಸಹಸೃಷ್ಟಿಕರ್ತ ಮಾರ್ಕ್ ಫ್ರಾಸ್ಟ್ ಅದೇ ಕತೆಯನ್ನು 18 ಕಂತುಗಳಲ್ಲಿ ಮುಂದುವರಿಸಿ, ಇನ್ನೂ ದೊಡ್ಡ ಪ್ರಶ್ನೆಯಲ್ಲಿ ನಿಲ್ಲಿಸಿದಾಗ ಬಹಳಷ್ಟು ಅಭಿಮಾನಿಗಳು ಅದನ್ನು ಮೆಚ್ಚಿ ಒಪ್ಪಿಕೊಂಡರು. ‘ದಿ ಕಿಲ್ಲಿಂಗ್’ ಮೇಲೆ ಬಂದಂಥ ಕೋಪ ಅದರ ಮೇಲೆ ಬರಲಿಲ್ಲ, ಏಕೆಂದರೆ ಉತ್ತರ ಕೊಡುತ್ತೇನೆಂದು ಅವರು ಎಂದೂ ಹೇಳಿರಲಿಲ್ಲ. ಏನು ಕೊಡುತ್ತೇನೆಂದು ಹೇಳಿದ್ದಾರೆ, ಏನು ಕೊಟ್ಟಿದ್ದಾರೆ ಎಂಬ ಈ ಲೆಕ್ಕವನ್ನು ಧ್ಯಾನದ ಬಾಗಿಲಲ್ಲಿಯೂ ಇಡಬಹುದು. ನಾಲ್ಕನೆಯ ದಿನ ನನಗೆ ತಡೆಯಲಾಗದ ಭಯ ಹುಟ್ಟಿದರೆ ಯಾರು ನೋಡಿಕೊಳ್ಳುತ್ತಾರೆ, ಗುರುವಿನ ಮೇಲೆಯೇ ದೂರಿದ್ದರೆ ಅದನ್ನು ಗುರುವಲ್ಲದೆ ಬೇರೆ ಯಾರು ಕೇಳುತ್ತಾರೆ ಎಂದು ಮೊದಲ ದಿನವೇ ಕೇಳಬಹುದು. 2017ರಲ್ಲಿ ಸೊಗ್ಯಾಲ್ ಅವರ ಆ ಎಂಟು ಮಂದಿ, ಅವರಲ್ಲಿ ಹಲವರು ದಶಕಗಳಷ್ಟು ಹಳೆಯ ಶಿಷ್ಯರು, ತಮ್ಮ ದೂರಿನ ಪತ್ರವನ್ನು ಬರೆದದ್ದು ಆ ಗುರುವಿನ ವಿಳಾಸಕ್ಕೇ.